ತವರಿನವರು ಕೊಡಿಸಿದ ಕಾರ್ಡು

ದಾನೇಶ್ವರಿ ನನ್ನ ಮಗ ಅನಿಲನ ಒಬ್ಬಳೇ ಮಗಳು. ಮನೆಯಲ್ಲಿ ಎಲ್ಲರೂ ದಾನು ಎನ್ನುತ್ತೇವೆ. ಆ ಬೇಸಿಗೆಯಲ್ಲಿ ಅವಳ ಪಿಯುಸಿ ಮುಗಿದಿತ್ತು. ಅವಳಿಗೊಂದು ಕಂಪ್ಯೂಟರ್ ಬೇಕಿತ್ತು. ಡಬ್ಬಿಯಲ್ಲಿ ಸಿದ್ಧವಾಗಿ ಬರುವ ಕಂಪನಿ ಸೆಟ್ ಅಲ್ಲ, ಒಂದೊಂದು ಭಾಗವನ್ನೂ ತಾನೇ ಆರಿಸಿ ಜೋಡಿಸಿದ್ದು ಬೇಕಿತ್ತು. ಅದರ ಮೇಲೆ ಅವಳು ಕಾರಿನ ರೇಸ್ ಆಡಬೇಕಿತ್ತು.

ರಜೆಗೆ ಮುದ್ದೇಬಿಹಾಳದ ಸೋದರಮಾವನ ಮನೆಗೆ ಹೋದಾಗಲೆಲ್ಲ ಅವಳು ಅಲ್ಲಿಯ ಹುಡುಗನ ಕಂಪ್ಯೂಟರಿನಲ್ಲಿ ಆಡುತ್ತಿದ್ದಳು.

“ನಾ ಹಿಂದ ಬಿದ್ದಿದ್ರ ಕೀಬೋರ್ಡ್ ನನ್ನ ಕಡೆ ಬಿಡ್ತಾನ ಆಯಿ,” ಎಂದು ನನ್ನ ಹತ್ತಿರ ಹೇಳಿದ್ದಳು. “ಮುಂದ ಹೊಂಟ್ನಿ ಅಂದ್ರ, ಊಟಕ್ಕ ಕರ್ಯಾಕತ್ತಾರ ಏಳು ಅಂತ ಕಸಗೋತಾನ. ಒಂದ ಸಲಾನೂ ಕಡೀತನಕ ಆಡಿಲ್ಲ ನಾ.”

ಮೊಮ್ಮಗಳ ಹೆಸರಿನಲ್ಲಿ ನನ್ನ ಗಂಡ ಪೋಸ್ಟಿನಲ್ಲಿ ಒಂದಿಷ್ಟು ಹಣ ಇಟ್ಟಿದ್ದರು. ಅದರಲ್ಲಿ ಕಿವಿಗೆ ಏನಾದರೂ ಮಾಡಿಸೋಣ ಎಂದು ಸೊಸೆ ವಿಜಯಶ್ರೀ ಅಂದಳು. ಕಂಪ್ಯೂಟರೇ ಬೇಕು ಎಂದು ದಾನು ಹಟ ಹಿಡಿದಳು. ಕೊನೆಗೆ ಅನಿಲ ತೀರ್ಪು ಕೊಟ್ಟ.

“ಆತು. ದೊಡ್ಡವ್ರು ಯಾರನ್ನಾದ್ರೂ ಕರಕೊಂಡು ವಿಜಾಪುರಕ್ಕ ಹೋಗಿ ನೀನ ಆರಿಸ್ಕೊ. ಯಾರೂ ಸಿಗ್ಲಿಲ್ಲಂದ್ರ ಸೋಮವಾರ ಅಂಗಡಿಗೆ ಮಾಲ್ ತರಾಕ ಹೋದಾಗ ನಾ ಕಂಪನಿ ಸೆಟ್ ತರ್ತೇನಿ, ಟೈಪಿಂಗ್ ಕಲಿ. ಇನ್ನೊಂದು ಮಾತು, ಯುಪಿಎಸ್ ಇಲ್ಲದ ಮಷೀನ ಈ ಮನ್ಯಾಗ ಕಾಲಿಡೂದಿಲ್ಲ. ನಮ್ಮ ಸಿಂದಗಿ ಕರೆಂಟ್ ನಿನಗ ಗೊತ್ತೈತಿ.”

ಅವನಿಗೆ ಗೊಬ್ಬರದ ಅಂಗಡಿ ಬಿಟ್ಟು ಬರುವಂತಿರಲಿಲ್ಲ, ಮಳೆ ಬೀಳುವ ಹೊತ್ತು. ವಿಜಯಶ್ರೀಗೆ ಅವಳು ಕಲಿಸುವ ಸಾಲೆಯಲ್ಲಿ ರಜೆ ಕೊಡಲಿಲ್ಲ. ದೊಡ್ಡವರು ಎಂದು ಮನೆಯಲ್ಲಿ ಉಳಿದವಳು ನಾನೊಬ್ಬಳೇ. ನಾನು ಹೊಸ್ತಿಲು ದಾಟುತ್ತಿರಲಿಲ್ಲ.

ನನ್ನ ಗಂಡ ಶಂಕರೆಪ್ಪ ಮಾಘ ಮಾಸದಲ್ಲಿ ತೀರಿಹೋಗಿದ್ದರು. ನಮ್ಮಲ್ಲಿ ಗಂಡ ಸತ್ತ ಹೆಂಗಸು ಮೊದಲ ಸಲ ಹೊರಗೆ ಕಾಲಿಡುವುದು ತವರಿನವರ ಜೊತೆ. ಅವರು ಬಂದು ಕರೆದೊಯ್ಯುತ್ತಾರೆ, ಬಾಯಿಗೆ ಬೆಲ್ಲ ಇಡುತ್ತಾರೆ, ಹೊಸ ಸೀರೆಯ ಉಡುಗೊರೆ ಕೊಟ್ಟು ಆಯೇರಿ ಮಾಡುತ್ತಾರೆ. ಆಮೇಲೆ ಅವಳು ಎಲ್ಲಿಗೆ ಹೋದರೂ ಯಾರೂ ಕೇಳುವುದಿಲ್ಲ. ನನ್ನ ಅಣ್ಣ ಹೋಗಿ ವರ್ಷಗಳಾಗಿವೆ. ಯಂಕಂಚಿಯಲ್ಲಿ ಈಗ ಅವನ ಮಗ ಗೊಲ್ಲಾಳಪ್ಪನ ಸಂಸಾರ. ಅವನು ಬರಬೇಕಿತ್ತು. ಬಂದಿರಲಿಲ್ಲ. ಹೇಳಿ ಕಳಿಸೋಣವೇ ಎಂದು ಅನಿಲ ಒಮ್ಮೆ ಕೇಳಿದಾಗ ನನ್ನ ಗಂಡನ ಅಕ್ಕ ಹುಚ್ಚವ್ವ, “ಹೇಳಿಸ್ಕೊಂಡು ಬಂದ್ರ ಅದೆಂಥಾ ತವರೋ? ತಾನಾಗೇ ಬರ್ಲಿ,” ಎಂದು ತಡೆದಿದ್ದಳು.

ಹೋಗಬೇಕೆಂಬ ಆಸೆ ನನಗೂ ಇರಲಿಲ್ಲ. ಬೆಳಿಗ್ಗೆ ಪಡಸಾಲೆಯಲ್ಲಿ ಬಂದು ಕೂಡುತ್ತಿದ್ದೆ. ಬಿಸಿಲು ಒಂದು ಗೋಡೆಯಿಂದ ಇನ್ನೊಂದು ಗೋಡೆಗೆ ಹೋಗುತ್ತಿತ್ತು. ಮೊದಲೆಲ್ಲ ಪುಸ್ತಕವಿಲ್ಲದೆ ನನಗೆ ಮಧ್ಯಾಹ್ನ ಕಳೆಯುತ್ತಿರಲಿಲ್ಲ, ಧಾರವಾಡದಲ್ಲಿ ಬಿ.ಎ. ಓದಿದ ದಿನಗಳಿಂದ ಬಂದ ಅಭ್ಯಾಸ. ಈಗ ಪುಸ್ತಕ ತೊಡೆಯ ಮೇಲೆ ತೆರೆದೇ ಇರುತ್ತಿತ್ತು, ಪುಟ ಮಾತ್ರ ತಿರುಗುತ್ತಿರಲಿಲ್ಲ. ಸೊಸೆ ಅದನ್ನು ನೋಡಿ, ನಾನು ಊಟಕ್ಕೆ ಎದ್ದಾಗ ಪುಟಕ್ಕೊಂದು ಗುರುತಿಟ್ಟು ಮುಚ್ಚಿಡುತ್ತಿದ್ದಳು.

ಶುಕ್ರವಾರ ಸಂಜೆ ದಾನು ನನ್ನ ಮುಂದೆ ಬಂದು ಕುಕ್ಕರುಗಾಲಲ್ಲಿ ಕೂತಳು. “ಆಯಿ, ನೀ ಬರ್ತಿಯೇನ?”

“ದಾನು!” ಎಂದು ವಿಜಯಶ್ರೀ ಒಳಗಿನಿಂದಲೇ ಗದರಿದಳು. “ಆಯಿಗೆ ಹಂಗೆಲ್ಲಾ ಕೇಳಬಾರ್ದು.”

“ಬರ್ತೇನಿ,” ಎಂದೆ.

ಅದು ಧೈರ್ಯವಲ್ಲ. ಹೋಗುವುದಕ್ಕೂ ಕೂತಿರುವುದಕ್ಕೂ ನನಗೆ ವ್ಯತ್ಯಾಸವೇ ಕಾಣುತ್ತಿರಲಿಲ್ಲ. ಅವಳಿಗೆ ಕಾಣುತ್ತಿತ್ತು.

ಮರುದಿನ ಬೆಳಿಗ್ಗೆ ವಿಜಾಪುರದ ಬಸ್ಸು ಹತ್ತಿದೆವು. ಹೊಸ್ತಿಲು ದಾಟುವಾಗ ಏನೂ ಅನ್ನಿಸಲಿಲ್ಲ. ಬಸ್ಸಿನಲ್ಲಿ ಕೂಸನ್ನು ಎತ್ತಿಕೊಂಡಿದ್ದ ಹೆಂಗಸೊಬ್ಬಳು ನನ್ನ ಹಣೆ ನೋಡಿ, ಕೈ ನೋಡಿ, ಕಿಟಕಿಯ ಬದಿ ಬಿಟ್ಟುಕೊಟ್ಟಳು. ದಾನು ನನ್ನ ಚೀಲದ ಹಿಡಿಕೆ ಹಿಡಿದುಕೊಂಡು ದಾರಿಯುದ್ದಕ್ಕೂ ಮಾತಾಡಿದಳು.

“ಹಾರ್ಡ್ ಡಿಸ್ಕ್ ಸಣ್ಣದು ಸಾಕು ಆಯಿ, ಆಮ್ಯಾಲೆ ದೊಡ್ಡದು ಹಾಕ್ಕೋಬಹುದು. ಮಾನಿಟರ್ ಯಾರರ ಬಳಸಿದ್ದಾದ್ರೂ ನಡೀತೈತಿ. ಸ್ಪೀಕರ್ ಬ್ಯಾಡ, ಪಪ್ಪಾನ ಹಳೇ ಟೇಪಿಗೆ ಜೋಡಸ್ತೇನಿ. ಆದ್ರ ಬೋರ್ಡ್ ಚಲೋದಿರಬೇಕು, ಅದರಾಗ ಕಾರ್ಡಿನ ಸ್ಲಾಟ್ ಇರಬೇಕು. ನಮ್ಮ ರೊಕ್ಕಕ್ಕ ಬರೂ ಕಂಪನಿ ಸೆಟ್ಟಿನಾಗ ಅದು ಇರೂದಿಲ್ಲ.”

“ಕಾರ್ಡ್ ಏನ್ ಮಾಡ್ತೈತಿ?”

“ಚಿತ್ರಾ ಬರೀತೈತಿ. ಕಾರು, ರಸ್ತಾ, ಗಿಡಾ, ಧೂಳ, ಎಲ್ಲಾ ಅದ ಬರಿಯೂದು. ಅದಿಲ್ಲಂದ್ರ ಪ್ರೊಸೆಸರ್ ಒಂದ ಎಲ್ಲಾ ಮಾಡಬೇಕು. ಕಾರು ಚಕ್ಕಡಿ ಹೋದಂಗ ಹೋಗ್ತೈತಿ.”

ದೇವರ ಹಿಪ್ಪರಗಿಯಲ್ಲಿ ಸಂತೆ. ಬಸ್ಸು ನಿಂತಿತು. ದೊಡ್ಡ ರುಮಾಲಿನವನೊಬ್ಬ ಕಿಟಕಿಯಲ್ಲಿ ನನ್ನನ್ನು ಕಂಡು, ಹತ್ತುವವರ ನಡುವೆ ನುಗ್ಗಿ ಮೆಟ್ಟಿಲ ಮೇಲೇ ನಿಂತುಬಿಟ್ಟ. ಗೊಲ್ಲಾಳಪ್ಪ. ತೊಗರಿ ಮಾರಲು ಸಂತೆಗೆ ಬಂದಿದ್ದನಂತೆ.

“ಅತ್ತಿ? ನೀ ಹೊರಗ ಬಂದಿ?”

“ಬಂದೆ.”

“ಯಾರು ಕರಕೊಂಡು ಬಂದ್ರು?”

“ಇಕಿ, ದಾನು.”

“ಇಕಿ ಗಂಡನ ಮನೀಕಿ!” ಅವನ ದನಿ ಏರಿತು. “ತವರು ಅಂತ ನಾವೊಬ್ರು ಯಂಕಂಚ್ಯಾಗ ಇದ್ದೀವಿಲ್ಲೋ?”

“ಇದ್ದೀರಿ. ಬರ್ಲಿಲ್ಲ,” ಎಂದೆ. ದೂರಲು ಹೇಳಿದ್ದಲ್ಲ, ಇದ್ದದ್ದನ್ನು ಹೇಳಿದ್ದು. ಆದರೆ ಅವನ ಮುಖ ಕಪ್ಪಿಟ್ಟಿತು.

“ಹೆಂಗ ಬರಬೇಕತ್ತಿ? ನೀವು ಹೇಳಿ ಕಳಸ್ತೀರಿ ಅಂತ ನಾವು ಕುಂತೀವಿ. ಕರೀದ ಬಂದು ನಿಂತ್ರ, ಇವ್ರಿಗೆ ದುಃಖ ಮುಗಸೂ ಅವಸರ ನೋಡ್ರಿ ಅಂತ ಹುಚ್ಚವ್ವಾರು ಅನ್ನೂದಿಲ್ಲೇನು? ನನ್ನ ಹೇಂತಿ ದಿನಾ ಕೇಳ್ತಾಳ, ಸುದ್ದಿ ಬಂತೇನ್ರಿ, ಸುದ್ದಿ ಬಂತೇನ್ರಿ ಅಂತ.”

ಅಲ್ಲಿಯವರು ಇಲ್ಲಿಯ ಸುದ್ದಿಗೆ ಕಾದಿದ್ದರು, ಇಲ್ಲಿಯವರು ಅವರು ಬರಲೆಂದು ಕಾದಿದ್ದರು. ಇಬ್ಬರೂ ಮರ್ಯಾದೆಗೇ ಕಾದದ್ದು. ನಡುವೆ ನಾನು ಪಡಸಾಲೆಯಲ್ಲಿ ಕೂತಿದ್ದೆ.

“ಇಳಿ ಅತ್ತಿ,” ಎಂದ ಅವನು. “ಇನ್ನೂ ಯಾರ ಹೊಸ್ತಲಾನೂ ತುಳದಿಲ್ಲ ನೀ. ಇಲ್ಲಿಂದ ಸೀದಾ ಯಂಕಂಚಿಗೆ ಹೋಗೂಣು. ಇಲ್ಲಂದ್ರ ನಾ ಊರಾಗ ತಲಿ ಎತ್ತಿ ಅಡ್ಡಾಡಾಂಗಿಲ್ಲ.”

ದಾನು ಎದ್ದು ನಿಂತಳು. “ಮಾವಾ, ಇವತ್ತ ಆಗ್ಲಿಲ್ಲಂದ್ರ ಪಪ್ಪಾ ಸೋಮವಾರ ಕಂಪನಿ ಸೆಟ್ ತರ್ತಾರ!”

“ತರ್ಲಿ ಬಿಡವ್ವ. ಯಾವುದಾದ್ರೇನು, ಎಲ್ಲಾ ಟೀವೀನ.”

ಕಂಡಕ್ಟರ್ ಹಿಂದಿನಿಂದ ಕೂಗಿದ. “ಯಜಮಾನ್ರ, ಹತ್ತೂವ್ರೋ ಇಳಿಯೂವ್ರೋ? ತವರುಮನಿ ಪಂಚಾಯ್ತಿ ವಿಜಾಪುರಕ್ಕ ಹೋಗಿ ಮಾಡ್ಕೋರ್ರಿ.” ಬಸ್ಸೆಲ್ಲ ನಕ್ಕಿತು.

ದಾನು ಅಳಲಿಲ್ಲ. ನನ್ನ ಚೀಲದ ಹಿಡಿಕೆಯಿಂದ ಮೆಲ್ಲಗೆ ಕೈ ತೆಗೆದಳು. “ಇಳಿ ಆಯಿ,” ಎಂದಳು. “ಮಾವಾ ಹೇಳೂದೂ ಖರೇನ ಐತಿ.”

ಆ ಹುಡುಗಿಗೆ ಆ ದಿನ ಎಷ್ಟು ಬೇಕಾಗಿತ್ತೆಂದು ನನಗೆ ತಿಳಿದಿತ್ತು. ನಾನು ಇಳಿಯಲಿಲ್ಲ.

“ಗೊಲ್ಲಾಳಾ, ನೀ ಹತ್ತು.”

“ಎಲ್ಲಿಗೆ?”

“ವಿಜಾಪುರಕ್ಕ. ತವರಿನವ ಜೋಡಿ ಇರಬೇಕು ಅಂತಾರ ಹೊರತು, ಎಲ್ಲಿಗೆ ಕರಕೊಂಡು ಹೋಗಬೇಕಂತ ಯಾರೂ ಹೇಳಿಲ್ಲ. ನೀನ ಕರಕೊಂಡು ಹೋಗು.”

ಅವನು ರುಮಾಲಿನೊಳಗೆ ಬೆರಳು ತೂರಿಸಿ ತಲೆ ಕೆರೆದುಕೊಂಡ. ಇಳಿದು ಸಂತೆಯ ಗುಂಪಿನಲ್ಲಿ ಸೇರಿಹೋದ. ಸಿಟ್ಟಾಗಿ ಹೋದ ಎಂದೇ ತಿಳಿದೆವು. ಕಂಡಕ್ಟರ್ ಸೀಟಿ ಬಾಯಿಗಿಟ್ಟು, ನನ್ನತ್ತ ನೋಡಿ, ಮತ್ತೆ ಕೆಳಗಿಳಿಸಿದ. “ಡ್ರೈವರ್ ಸಾಹೇಬ್ರ, ಒಂದು ಬೀಡಿ ಸೇದ್ರಿ,” ಎಂದ.

ಗೊಲ್ಲಾಳಪ್ಪ ಓಡುತ್ತ ಬಂದ, ಕೈಯಲ್ಲಿ ಕಾಗದದ ಪೊಟ್ಟಣ. ನನ್ನ ಸೀಟಿನ ಬಳಿ ಬಂದು ಬೆಲ್ಲದ ಚೂರು ಮುರಿದು ನನ್ನ ಬಾಯಿಗಿಟ್ಟ. ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡಳು. ನನಗೆ ಅಳು ಬರಲಿಲ್ಲ. ಬೆಲ್ಲದಲ್ಲಿ ಒಂದಿಷ್ಟು ಉಸುಕಿತ್ತು, ಅದು ಹಲ್ಲಿಗೆ ತಿಳಿಯಿತು. ಅವನು ಆ ಹೆಂಗಸಿಗೂ, ಕೂಸಿಗೂ, ಕಂಡಕ್ಟರಿಗೂ ಒಂದೊಂದು ಚೂರು ಕೊಟ್ಟು ನಮ್ಮ ಹಿಂದಿನ ಸೀಟಿನಲ್ಲಿ ಕೂತ.

“ಆತಿನ್ನ. ಎಲ್ಲಿ ಐತಿ ಆ ಟೀವಿ ಅಂಗಡಿ?” ಎಂದ.

ಅಂಗಡಿ ಬಾಬುಲಾಲನದು, ಮಾಳಿಗೆಯ ಮೇಲಿನ ಒಂದು ಕೋಣೆ. ಮೆಟ್ಟಿಲು ಕಡಿದಾಗಿದ್ದವು. ನಾನು ಮೇಲೆ ಬಂದು ಉಸಿರು ತೆಗೆದುಕೊಳ್ಳುವುದನ್ನು ನೋಡಿ ಅವನು ತಾನು ಕೂತ ಕುರ್ಚಿಯನ್ನೇ ನನಗೆ ತಂದಿಟ್ಟ, ಟೇಬಲ್ ಫ್ಯಾನನ್ನು ನನ್ನ ಕಡೆ ತಿರುಗಿಸಿದ. ಆಮೇಲೆ ದಿನವಿಡೀ ನಿಂತೇ ಕೆಲಸ ಮಾಡಿದ.

“ಏನ್ ಬೇಕ್ರಿ ಯಜಮಾನ್ರ?” ಎಂದು ಅವನು ಮೊದಲು ಕೇಳಿದ್ದು ಗೊಲ್ಲಾಳಪ್ಪನನ್ನು.

ಗೊಲ್ಲಾಳಪ್ಪ ಸಾಲಾಗಿ ಇಟ್ಟಿದ್ದ ಖಾಲಿ ಕ್ಯಾಬಿನೆಟ್‌ಗಳನ್ನು ಒಂದೊಂದಾಗಿ ಬೆರಳಿನ ಗೆಣ್ಣಿನಿಂದ ಬಡಿದು ನೋಡುತ್ತಿದ್ದ. “ಇದು ಗಟ್ಟಿ ಐತಿ. ದಾನವ್ವ, ಇದನ್ನ ತಗೊ.”

“ಅದು ಬರೇ ಡಬ್ಬಿ ಮಾವಾ. ಒಳಗ ಏನೂ ಇಲ್ಲ.”

“ಡಬ್ಬೀನ ಗಟ್ಟಿ ಇಲ್ಲಂದ್ರ ಒಳಗಿಂದು ಹೆಂಗ ಉಳೀತೈತಿ?”

“ಹಂಗಲ್ರೀ,” ಎಂದು ಬಾಬುಲಾಲ ನಕ್ಕ. “ಡಬ್ಬೀಕಿಂತ ಅದರಾಗಿನ ಎಸ್‌ಎಂಪಿಎಸ್ ನೋಡಬೇಕ್ರಿ. ಎಲ್ಲಾದಕ್ಕೂ ಕರೆಂಟ್ ಹಂಚೂದು ಅದರಿ. ಅಗ್ಗದ್ದು ಹಾಕಿದ್ರ ತಾನೂ ಸುಡ್ತೈತಿ, ಬಾಜೂದವನ್ನೂ ಸುಡ್ತೈತಿ.”

“ನಮ್ಮೂರಾಗೂ ಅಂಥಾವ್ರು ಅದಾರ ಬಿಡು.”

ದಾನು ಮಾತಾಡಲು ಶುರುಮಾಡಿದ ಮೇಲೆ ಬಾಬುಲಾಲ ಮೆಲ್ಲಗೆ ಅವಳ ಕಡೆ ತಿರುಗಿದ. ಯಾವ ಬೋರ್ಡು, ಅದಕ್ಕೆ ಯಾವ ಪ್ರೊಸೆಸರ್, ರ್ಯಾಮ್ ಎಷ್ಟು. ಅವಳು ಒಂದನ್ನು ಏರಿಸಿದರೆ ಇನ್ನೊಂದನ್ನು ಇಳಿಸಬೇಕಿತ್ತು. ಮುಂದೆ ಏರಿಸಬಹುದೆಂದು ಪ್ರೊಸೆಸರನ್ನು ಕೆಳಗಿನ ದರ್ಜೆಗೆ ಇಳಿಸಿದಳು, ಬೋರ್ಡನ್ನು ಇಳಿಸಲಿಲ್ಲ. ಹಾರ್ಡ್ ಡಿಸ್ಕ್ ಎಲ್ಲಕ್ಕಿಂತ ಸಣ್ಣದು. ಮಾನಿಟರ್ ಯಾವುದೋ ಆಫೀಸಿನಿಂದ ಬಂದದ್ದು, ಮೂಲೆಯಲ್ಲಿ ಒಂದು ಗೀರು ಇತ್ತು. ಬಾಬುಲಾಲ ಪ್ರೊಸೆಸರನ್ನು ಡಬ್ಬಿಯಿಂದ ತೆಗೆದು ಅವಳ ಅಂಗೈಮೇಲಿಟ್ಟ. “ನೋಡವಾ. ಅಂಚ ಹಿಡಿ, ಕೆಳಗಿನ ಸೂಜಿ ಮುಟ್ಟಬ್ಯಾಡ.” ಅವಳು ಉಸಿರು ಬಿಗಿಹಿಡಿದು ನೋಡಿದಳು. ಹಾಗೆ ಕೈಗೆ ಕೊಡಬೇಕೆಂದೇನೂ ಇರಲಿಲ್ಲ. ಅವನು ಕೊಟ್ಟ.

ಆಮೇಲೆ ಯುಪಿಎಸ್ ಬಂತು. ಅದನ್ನು ಸೇರಿಸಿದ ಮೇಲೆ ಕಾರ್ಡಿಗೆ ಹಣ ಸಾಲಲಿಲ್ಲ.

“ಸದ್ಯ ಕಾರ್ಡ್ ಬಿಡವಾ,” ಎಂದ ಬಾಬುಲಾಲ. “ಸ್ಲಾಟ್ ಅಂತೂ ಐತಿ. ದೀಪಾವಳಿಗೆ ಬಂದು ಹಾಕಿಸ್ಕೊ.”

“ದೀಪಾವಳಿಗೆ ಪಪ್ಪಾ ಪರೀಕ್ಷಾ ಮುಗೀಲಿ ಅಂತಾರ. ಪರೀಕ್ಷಾ ಮುಗದ ಮ್ಯಾಲೆ ಇನ್ಯಾಕ ಬೇಕು ಅಂತಾರ.” ಅವಳು ತುಟಿ ಕಚ್ಚಿದಳು. “ರ್ಯಾಮ್ ಅರ್ಧಾ ಮಾಡಿದ್ರ?”

“ಮಾಡಿದ್ರ ಕಾರ್ಡ್ ಹಾಕಿಯೂ ಉಪಯೋಗ ಇಲ್ಲ. ಸುಳ್ಳ ಹೇಳಿ ಮಾರಬಹುದು, ನಾಳೆ ನೀ ಬೈತಿ.”

“ಯುಪಿಎಸ್ ಬಿಡಾಂಗಿಲ್ಲ,” ಎಂದು ಅವಳು ತನಗೇ ಹೇಳಿಕೊಂಡಳು. ಕಾರ್ಡಿನ ಡಬ್ಬಿಯನ್ನು ಒಂದು ಬೆರಳಿನಿಂದ ಕೌಂಟರಿನ ಮೇಲೆ ಬಾಬುಲಾಲನ ಕಡೆ ದೂಡಿದಳು. ಎಲ್ಲ ಆರಿಸಿಯಾಗಿತ್ತು, ಯಾವುದಕ್ಕಾಗಿ ಆರಿಸಿದ್ದೋ ಅದು ಆಚೆ ಉಳಿಯಿತು.

ಗೊಲ್ಲಾಳಪ್ಪನಿಗೆ ಇದಾವುದೂ ತಿಳಿಯಲಿಲ್ಲ. “ಮುಗೀತಿಲ್ಲೋ? ಮುಂದ ಸೀರಿ ಅಂಗಡಿಗೆ ನಡಿ ಅತ್ತಿ. ಇಳಕಲ್ಲ ಸೀರೀನ ಆಗಬೇಕು, ಹುಚ್ಚವ್ವಾರ ಕಣ್ಣಿಗೆ ಕಾಣೂವಂಥಾದ್ದು. ತೊಗರಿ ರೊಕ್ಕ ಕಿಸೆದಾಗ ಐತಿ.”

“ಗೊಲ್ಲಾಳಾ, ನನಗ ಸೀರಿ ಬ್ಯಾಡ. ಆ ಕಾರ್ಡ್ ಕೊಡಸು.”

“ಯಾವ ಕಾರ್ಡ್?”

ನಾನು ಡಬ್ಬಿ ತೋರಿಸಿದೆ. ಅವನು ಎತ್ತಿಕೊಂಡು ಡಬ್ಬಿಯ ಮೇಲಿನ ಚಿತ್ರವನ್ನು ತಿರುಗಿಸಿ ನೋಡಿದ.

“ಅತ್ತಿ, ತವರಿನ ಆಯೇರಿ ಅದು! ಮೈಮ್ಯಾಲೆ ಹಾಕ್ಕೋಳ್ಳೂವಂಥಾದ್ದಿರಬೇಕು. ಇದನ್ನ ಎಲ್ಲಿ ಹಾಕ್ಕೋತಿ?”

“ಹೊಸಾ ಸೀರಿ ಉಡೂ ಮನಸಿಲ್ಲಪ್ಪ ನನಗ. ಕೊಡಿಸಿದ್ರ ಟ್ರಂಕಿನ್ಯಾಗ ಇಡ್ತೇನಿ. ಅದು ಅಲ್ಲೇ ಇರ್ತೈತಿ.”

“ಬ್ಯಾಡ ಆಯಿ,” ಎಂದಳು ದಾನು. ನನ್ನತ್ತ ನೋಡದೆ ಹೇಳಿದಳು.

“ಊರಾಗ ಕೇಳ್ತಾರ. ಅತ್ತಿಗೆ ಏನು ಮಾಡಿದ್ರೋ ಅಂದ್ರ ಏನು ಹೇಳ್ಲಿ? ಇಷ್ಟಗಲದ ಹಸರ ತಗಡು ಕೊಟ್ಟೆ ಅನ್ಲೇನು?” ಎಂದ ಗೊಲ್ಲಾಳಪ್ಪ.

“ಅತ್ತಿ ಕೇಳಿದ್ದು ಕೊಟ್ಟೆ ಅನ್ನು.”

ಅವನು ಡಬ್ಬಿಯನ್ನು ಇನ್ನೊಮ್ಮೆ ತಿರುಗಿಸಿ ನೋಡಿದ. ಆಮೇಲೆ ಕಿಸೆಗೆ ಕೈಹಾಕಿ ಬಾಬುಲಾಲನಿಗೆ ಹಣ ಕೊಟ್ಟು, ಡಬ್ಬಿಯನ್ನು ನನಗೆ ಚಾಚಿದ.

“ಹಂಗ ಕೈಯಾಗ ಕೊಡಬಾರ್ದ್ರಿ ಯಜಮಾನ್ರ,” ಎಂದು ಬಾಬುಲಾಲ ತಡೆದ. ಒಳಗಿನಿಂದ ಇಸ್ತ್ರಿ ಮಡಿಕೆಯ ಬಿಳಿ ಟವೆಲೊಂದನ್ನು ತಂದ. ಚಹದ ಸ್ಟೀಲ್ ತಟ್ಟೆಯನ್ನು ಒರೆಸಿ ಅದರಲ್ಲಿ ಟವೆಲ್ ಹಾಸಿ, ಮೇಲೆ ಡಬ್ಬಿ ಇಟ್ಟು, ಬದಿಗೆ ಒಂದು ಚಮಚ ಸಕ್ಕರೆ ಹಾಕಿದ. “ಈಗ ಕೊಡ್ರಿ. ಟವೆಲ್ ಹೊಸಾದೈತ್ರಿ, ಅದೂ ಆಯಿದ ಆತು.”

ಗೊಲ್ಲಾಳಪ್ಪ ರುಮಾಲು ಸರಿಮಾಡಿಕೊಂಡು ಎರಡೂ ಕೈಯಿಂದ ತಟ್ಟೆ ಕೊಟ್ಟ. ನಾನು ತೆಗೆದುಕೊಂಡು ಡಬ್ಬಿಯನ್ನು ದಾನುವಿನ ಕೈಯಲ್ಲಿಟ್ಟೆ. ಅವಳ ಕೈಗಳು ತಣ್ಣಗಿದ್ದವು.

ಜೋಡಿಸುವಾಗ ಬಾಬುಲಾಲ ಎಲ್ಲ ಸ್ಕ್ರೂಗಳನ್ನೂ ಅವಳಿಂದಲೇ ಹಾಕಿಸಿದ. ಸಂಜೆಯ ಬಸ್ಸಿನಲ್ಲಿ ಮಾನಿಟರನ್ನು ಗೊಲ್ಲಾಳಪ್ಪ ತೊಡೆಯ ಮೇಲಿಟ್ಟುಕೊಂಡು, ಗುಂಡಿ ಬಂದಾಗಲೆಲ್ಲ ಎರಡೂ ಕೈಯಿಂದ ತಬ್ಬಿಕೊಳ್ಳುತ್ತ ಸಿಂದಗಿಯವರೆಗೂ ಬಂದು, ರಾತ್ರಿ ನಮ್ಮಲ್ಲೇ ಉಳಿದ.

ಸುದ್ದಿ ನಮಗಿಂತ ಮೊದಲು ಹೋಗಿತ್ತು. ಭಾನುವಾರ ಬೆಳಿಗ್ಗೆಯೇ ಹೂವಿನ ಹಿಪ್ಪರಗಿಯಿಂದ ಹುಚ್ಚವ್ವ ಬಂದಿಳಿದಳು. ಮೆಟ್ಟು ಬಿಡುವ ಮೊದಲೇ ಶುರುಮಾಡಿದಳು.

“ಮದಲ ಹೊರಗ ಬಿದ್ದಾಕಿ ಎಲ್ಲಿಗೆ ಹೋಗಿದ್ದಿ ಸುನಂದಾ? ದೇವರ ಗುಡಿಗಲ್ಲ, ತವರಮನಿಗಲ್ಲ, ಅದ್ಯಾವುದೋ ರೇಡಿಯೋ ಅಂಗಡಿಗೆ!”

“ನಾ ಕರಕೊಂಡು ಹೋಗಿದ್ನಿರಿ,” ಎಂದು ಗೊಲ್ಲಾಳಪ್ಪ ಎದೆ ಮುಂದೆ ಮಾಡಿದ.

“ಈಗ ಎಚ್ಚರ ಆತೇನಪ್ಪ ನಿನಗ?”

“ನೀವು ಹೇಳಿ ಕಳಸಬೇಕಿಲ್ಲೇನ್ರಿ?”

“ತವರಿನವ್ರಿಗೆ ಹೇಳಿ ಕಳಸಬೇಕೇನೋ?”

ಹೀಗೆ ಬಹಳ ಹೊತ್ತು ನಡೆಯಿತು. ವಿಜಯಶ್ರೀ ಇಬ್ಬರಿಗೂ ಅವಲಕ್ಕಿ ತಂದಿಟ್ಟಳು, ತಿನ್ನುತ್ತಲೂ ಜಗಳಾಡಿದರು. ನಾನು ಕೇಳುತ್ತ ಕೂತಿದ್ದೆ. ಬೇರೆ ಯಾರದೋ ಮನೆಯ ಮಾತಿನಂತಿತ್ತು.

“ಇರ್ಲಿ. ಆಯೇರಿ ಏನು ಮಾಡಿದ್ರು?” ಎಂದು ಕೊನೆಗೆ ಕೇಳಿದಳು ಹುಚ್ಚವ್ವ.

ಗೊಲ್ಲಾಳಪ್ಪ ಅವಲಕ್ಕಿಯ ತಟ್ಟೆ ನೋಡತೊಡಗಿದ.

“ಅದರಾಗ ಐತ್ರಿ ಅಕ್ಕಾರ,” ಎಂದೆ, ದಾನುವಿನ ಮೇಜು ತೋರಿಸಿ.

ಅವಳು ಸೊಂಟಕ್ಕೆ ಕೈಕೊಟ್ಟು ಬಗ್ಗಿ ಕ್ಯಾಬಿನೆಟ್ಟಿನ ಸುತ್ತ ನೋಡಿದಳು. “ಏನೂ ಕಾಣವಲ್ದು.”

“ಒಳಗೈತ್ರಿ.”

“ಮಂದಿಗೆ ಕಾಣಲಾರದ್ದು ಎಂಥಾ ಆಯೇರಿ ಸುನಂದಾ?”

“ಕಾಣ್ತೈತಿ ದೊಡ್ಡಾಯಿ, ತಡೀ,” ಎಂದಳು ದಾನು. ಮಷೀನು ಹಚ್ಚಿದಳು. ತುಸು ಹೊತ್ತಿನಲ್ಲಿ ಪರದೆಯ ಮೇಲೆ ಒಂದು ರಸ್ತೆ ಬಂತು. ರಸ್ತೆಯ ಬದಿಯಲ್ಲಿ ಗಿಡಗಳು, ಗಿಡಗಳ ನೆರಳು, ಮುಂದೆ ಹೋಗುವ ಕಾರುಗಳ ಹಿಂದೆ ಎದ್ದ ಧೂಳು. ದಾನು ಎಲ್ಲರಿಗಿಂತ ಹಿಂದಿದ್ದಳು. ಒಂದೊಂದನ್ನೇ ಹಿಂದೆ ಹಾಕತೊಡಗಿದಳು.

“ಇದೆಲ್ಲಾ ಆ ತಗಡ ಬರಿಯೂದು?” ಎಂದು ಗೊಲ್ಲಾಳಪ್ಪ ಎದ್ದು ಬಂದ. “ಧೂಳಾನೂ?”

“ಧೂಳಾನೂ ಮಾವಾ.”

“ಏ ಹುಡುಗಿ, ಕಾಲ್ವಿಗೆ ಬೀಳ್ತಿ!” ಎಂದು ಹುಚ್ಚವ್ವ ಚೀರಿದಳು. “ಈ ಕಡೆ ಹೊಳ್ಳಸು, ಈ ಕಡೆ! ಆ ಕೆಂಪ ಕಾರಿನವನ್ನ ಬಿಡಬ್ಯಾಡ!”

ಯಾರೂ ದಾನುವನ್ನು ಊಟಕ್ಕೆ ಕರೆದು ಏಳಿಸಲಿಲ್ಲ. ಅನಿಲ ಅಂಗಡಿಯ ಕೀಲಿಕೈ ಹಿಡಿದು ಹೊರಟವನು ಬಾಗಿಲಲ್ಲೇ ನಿಂತಿದ್ದ. ದಾನು ಕೆಂಪು ಕಾರನ್ನು ದಾಟಿದಳೋ ಇಲ್ಲವೋ ನನಗೆ ಕಾಣಲಿಲ್ಲ, ಎಲ್ಲರೂ ಅಡ್ಡ ನಿಂತಿದ್ದರು. ನನ್ನ ಕುರ್ಚಿ ಮೇಜಿನ ಬದಿಯಲ್ಲಿತ್ತು. ಕ್ಯಾಬಿನೆಟ್ಟಿನ ಹಿಂಭಾಗದಿಂದ, ಕಾರ್ಡು ಕೂತ ಕಡೆಯಿಂದ, ಬೆಚ್ಚನೆಯ ಗಾಳಿ ಬಂದು ನನ್ನ ಮೊಣಕೈಗೆ ತಗುಲುತ್ತಿತ್ತು. ಕೈ ತಿರುಗಿಸಿ ಅಂಗೈಯನ್ನು ಅದಕ್ಕೆ ಹಿಡಿದೆ. ಆಟ ನಡೆದಷ್ಟು ಹೊತ್ತೂ ಹಾಗೇ ಹಿಡಿದುಕೊಂಡು ಕೂತಿದ್ದೆ.